ಬಿಳಿ ಹೊಗೆ

ಹೊರಗೆ ಕಾರಿನ ಸೆಲ್ಫ್ ಹೊಡೆಯುವ ಸದ್ದು ಕೇಳಿದಾಗ ಅವನು ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ರೇಜರ್ ಇಟ್ಟಿದ್ದ. ಕೈ ಅಲ್ಲೇ ನಿಂತಿತು. ಸದ್ದು ಹತ್ತು ಸೆಕೆಂಡ್ ಎಳೆದು, ನಿಂತು, ಒಂದಿಷ್ಟು ಬಿಟ್ಟು ಮತ್ತೆ ಎಳೆಯಿತು. ಎಂಜಿನ್ ಹಿಡಿಯಲಿಲ್ಲ. ಹಿಡಿಯುವುದಿಲ್ಲವೆಂದು ಅವನಿಗೆ ಮೊದಲೇ ಗೊತ್ತಿತ್ತು, ಯಾಕೆಂದರೆ ಹಿಡಿಯದ ಹಾಗೆ ಮಾಡಿದವನು ಅವನೇ. ನಲವತ್ತೊಂದು ದಿನದ ಹಿಂದೆ ತಾಯಿಯ ಕಾರಿನ ವೈರೊಂದನ್ನು ಬಿಚ್ಚಿಟ್ಟು, ಅಂದಿನಿಂದ ಈ ಸದ್ದಿಗಾಗಿ ಕಾದಿದ್ದ. ಮೊದಲ ವಾರ ಬಸ್ಸಿನಲ್ಲಿ ಕೂತರೆ, ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜುತ್ತಿದ್ದರೆ, ಈಗ ಅಮ್ಮ ಕೀಲಿ ತಿರುಗಿಸುತ್ತಿರಬಹುದು ಎಂದು ಗಡಿಯಾರ ನೋಡಿಕೊಳ್ಳುತ್ತಿದ್ದ. ಸಂಜೆ ಮನೆಗೆ ಬಂದರೆ ಅವಳು ಏನೂ ಹೇಳುತ್ತಿರಲಿಲ್ಲ. ಕಾರು ತನ್ನ ಜಾಗದಲ್ಲೇ ಇರುತ್ತಿತ್ತು. ಊಟದ ಮೇಜಿನಲ್ಲಿ ತಾನು ಆಡಿದ ಮಾತು, ಅಮ್ಮ, ಇನ್ನು ಗಾಡಿ ಓಡಿಸೋದು ಸಾಕು ಅಂದದ್ದು, ನಾಟಿರಬೇಕು ಎಂದುಕೊಂಡ. ಮಾಡಿದ ಪಾಪಕ್ಕೆ ಕೆಲಸವೇ ಇಲ್ಲದಂತಾಗಿ, ಅದು ಪಾಪವೇ ಅಲ್ಲವೇನೋ ಎಂದು ಇತ್ತೀಚೆಗೆ ಅನ್ನಿಸತೊಡಗಿತ್ತು. ಇವತ್ತು ಅಂಗಡಿ ತೆರೆಯುವುದು ಹನ್ನೊಂದಕ್ಕೆ ಎಂದು ಅವನು ಮನೆಯಲ್ಲಿದ್ದ. ಇಲ್ಲದಿದ್ದರೆ ಈ ಸದ್ದು ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಳಕ್ಕೆ ಬಂದ. ರಾತ್ರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಾರಿನ ಗಾಜಿನ ಮೇಲೆ ಮಂಜು ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ತಾಯಿ ಅದರಲ್ಲಿ ತನಗೆ ಬೇಕಾದಷ್ಟು ಜಾಗವನ್ನು ಮಾತ್ರ ಕೆರೆದುಕೊಂಡಿದ್ದಳು. ಕಾರಿನ ನೆತ್ತಿಯ ಮೇಲೆ ನಾಲ್ಕು ತೂತುಗಳಿದ್ದವು. ಹಿಂದೆ ಅವಳ ಡ್ರೈವಿಂಗ್ ಸ್ಕೂಲಿನ ಬೋರ್ಡನ್ನು ಅಲ್ಲಿ ಕೂರಿಸಿದ್ದರು. ಒಳಗೆ ಡ್ರೈವರಿನ ಪಕ್ಕದ ಸೀಟಿನ ಮುಂದೆ, ಕಲಿಸುವವರ ಪಾದಕ್ಕೆಂದು, ಇನ್ನೊಂದು ಬ್ರೇಕ್ ಪೆಡಲ್ ಇತ್ತು. ಬೋರ್ಡು ಇಳಿದು ಎಂಟು ವರ್ಷವಾದರೂ ಪೆಡಲನ್ನು ಅವಳು ತೆಗೆಸಿರಲಿಲ್ಲ. ಮೂವತ್ತು ವರ್ಷ ಆ ಪೆಡಲಿನ ಮೇಲೆ ಪಾದ ಇಟ್ಟುಕೊಂಡು ಊರಿನ ಅರ್ಧ ಜನಕ್ಕೆ ಗಾಡಿ ಕಲಿಸಿದವಳು ಅವಳು. ಬೀದಿಯ ಮಕ್ಕಳ ಬಾಯಲ್ಲಿ ಕ್ಲಚ್ಚಮ್ಮ. ಕಲಿಯದೆ ಉಳಿದ ಅರ್ಧದಲ್ಲಿ ಅವಳ ಮಗನೂ ಸೇರಿದ್ದ.

"ನೀನಿನ್ನೂ ಹೋಗಿಲ್ವಾ?" ಎಂದಳು ತಾಯಿ, ಬಾನೆಟ್ಟಿನಡಿಯಿಂದ ತಲೆಯೆತ್ತಿ. "ಅರ್ಧ ಮುಖ ಹೊತ್ಕೊಂಡು ಯಾಕೋ ಬಂದೆ? ಹೋಗ್ಲಿ, ಬಂದಿದ್ದು ಒಳ್ಳೇದಾಯ್ತು. ಒಳಗಿಂದ ಬಿಸಿನೀರು ತಗೊಂಡ್ಬಾ, ಒಂದು ಜಗ್ಗು."

"ಎಲ್ಲಿಗಮ್ಮ ಹೊರಟಿದ್ದು, ಈ ಚಳೀಲಿ?"

"ಹತ್ತು ಗಂಟೆಗೆ ಟೆಸ್ಟ್ ಇದೆ."

ಎಪ್ಪತ್ತು ದಾಟಿದವರು ಲೈಸೆನ್ಸ್ ಉಳಿಸಿಕೊಳ್ಳಬೇಕಾದರೆ ತಮ್ಮದೇ ಗಾಡಿ ತಂದು ಓಡಿಸಿ ತೋರಿಸಬೇಕಂತೆ. ಕಾಗದ ಬಂದು ಎರಡು ತಿಂಗಳಾಗಿತ್ತಂತೆ, ಇವತ್ತೇ ಕೊನೆಯ ದಿನವಂತೆ. ತಪ್ಪಿದರೆ ಮತ್ತೆ ಮೊದಲಿನಿಂದ, ಹೊಸದಾಗಿ ಕಲಿಯುವವರ ಸಾಲಿನಲ್ಲಿ ನಿಲ್ಲಬೇಕಂತೆ. ಇದನ್ನೆಲ್ಲ ಅವಳು ಡೀಸೆಲ್ ಪೈಪನ್ನು ಬೆರಳಲ್ಲಿ ಒತ್ತಿ ನೋಡುತ್ತಲೇ, ಯಾರದೋ ವಿಷಯವೆಂಬಂತೆ ಹೇಳಿದಳು. "ಮೂವತ್ತು ವರ್ಷ ಕಂಡವರಿಗೆಲ್ಲ ಎಲ್ ಬೋರ್ಡು ಕಟ್ಟಿ ಕಳಿಸ್ದೆ. ಈಗ ಅದನ್ನ ನಾನು ಕಟ್ಕೊಂಡು ಮೆರವಣಿಗೆ ಹೋಗ್ಲಾ? ಬಿಸಿನೀರು ಅಂದೆ."

ಅಡುಗೆಮನೆಯಲ್ಲಿ ನೀರು ಕಾಯುವವರೆಗೆ ಅವನು ಒಲೆಯ ಮುಂದೆ ನಿಂತ. ಒಣಗಿದ ಸೋಪು ಎಡಗೆನ್ನೆಯನ್ನು ಎಳೆಯುತ್ತಿತ್ತು. ಎರಡು ತಿಂಗಳ ಹಿಂದೆ ಬಂದ ಕಾಗದ. ಅಂದರೆ ಅವನು ವೈರು ಬಿಚ್ಚುವಾಗ ಅದು ಅವಳ ಕಪಾಟಿನಲ್ಲೇ ಇತ್ತು. ವೈರಿನ ವಿಷಯ ಹೇಳಿಕೊಟ್ಟವನು ಅಂಗಡಿಯ ಎದುರಿನ ಮೆಕ್ಯಾನಿಕ್. ಓದುವ ಕನ್ನಡಕ ಮಾಡಿಸಿಕೊಳ್ಳಲು ಬಂದಿದ್ದ. ಗಾಡಿ ಸ್ಟಾರ್ಟ್ ಆಗದ ಹಾಗೆ ಮಾಡೋದು ಹೇಗೆ ಅಂತ ಗಿರಾಕಿಯೊಬ್ಬರು ಕೇಳ್ತಿದ್ರು, ಎಂದು ತಾನು ಸುಳ್ಳು ಹೇಳಿ ಅವನ ಬಾಯಿ ಬಿಡಿಸಿದ್ದ. ಹಳೇ ಡೀಸೆಲ್ ಗಾಡಿನಾ ಸಾರ್, ಬಹಳ ಸುಲಭ, ಪಂಪಿನ ಮೇಲೆ ಒಂಟಿ ವೈರಿರುತ್ತೆ, ನಟ್ಟು ಬಿಚ್ಚಿ ಎತ್ತಿಬಿಟ್ರೆ ಡೀಸೆಲ್ ಕಟ್, ಕಾರು ಕಲ್ಲು ಬಂಡೆ, ಎಂದಿದ್ದ ಮೆಕ್ಯಾನಿಕ್. ಅರ್ಧ ದಿನ ರಜೆ ಹಾಕಿ, ತಾಯಿ ಮಧ್ಯಾಹ್ನ ಮಲಗಿದ್ದಾಗ ಬಾನೆಟ್ ಎತ್ತಿ, ಒಂಟಿ ವೈರು ಹುಡುಕಿ ಬಿಚ್ಚಿ, ಅದರ ತುದಿಯನ್ನು ರಬ್ಬರ್ ಪೈಪಿನ ಹಿಂದೆ ಮರೆಮಾಡಿದ್ದ. ನಟ್ಟು ಕಳೆದುಹೋಗಬಾರದೆಂದು ಅದನ್ನು ಅದರ ಜಾಗದಲ್ಲೇ ತಿರುಗಿಸಿ ಕೂರಿಸಿದ್ದ. ಕಳ್ಳತನದಲ್ಲೂ ಅಚ್ಚುಕಟ್ಟು. ಕೀಲಿ ತಿರುಗಿಸಿ ಪರೀಕ್ಷಿಸಿರಲಿಲ್ಲ. ಸದ್ದಿಗೆ ಅವಳು ಎದ್ದುಬಿಟ್ಟಾಳು ಎಂಬ ಭಯ. ಈಗ ಹೊರಗೆ ಹೋಗಿ, ಅಮ್ಮ ಆ ವೈರು ನೋಡು, ಎಂದರೆ ಒಂದು ನಿಮಿಷದ ಕೆಲಸ. ನೀರು ಕುದಿಯಲು ಶುರುವಾಯಿತು. ಸ್ವಲ್ಪ ಜಾಸ್ತಿಯೇ ಕುದಿಯಲಿ ಎಂದು ಬಿಟ್ಟ.

ತಾಯಿ ಆ ನೀರಿನಲ್ಲಿ ಬಟ್ಟೆ ಅದ್ದಿ ಡೀಸೆಲ್ ಫಿಲ್ಟರಿಗೆ ಸುತ್ತಿದಳು. ಬೆರಳು ಸುಟ್ಟಿರಬೇಕು, ಮುಖ ಮಾತ್ರ ಬದಲಾಗಲಿಲ್ಲ. "ಚಳಿಗೆ ಡೀಸೆಲ್ ಮೇಣದ ಥರ ಕಟ್ಕೊಳ್ಳುತ್ತೆ," ಎಂದಳು. ಅವಳ ದನಿ ಬದಲಾಗಿತ್ತು. ಇಪ್ಪತ್ತು ವರ್ಷದವನಾಗಿದ್ದಾಗ ಮೂರು ಸಲ ಟೆಸ್ಟಿನಲ್ಲಿ ಫೇಲಾಗಿ ಬಂದಿದ್ದ ಅವನು ಆ ದನಿಯನ್ನು ಮರೆತಿರಲಿಲ್ಲ. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ, ಗಾಡಿ ಕಲಿಸುವವಳ ದನಿ. "ಹೇಳು, ಸೆಲ್ಫ್ ತಿರುಗ್ತಿದ್ಯಾ?"

"ತಿರುಗ್ತಿದೆ."

"ಜೋರಾಗಿ ತಿರುಗ್ತಿದ್ಯಾ, ಎಳೆದೂ ಎಳೆದೂ ತಿರುಗ್ತಿದ್ಯಾ?"

"ಜೋರಾಗೇ."

"ಹಾಗಾದ್ರೆ ಬ್ಯಾಟರಿ ಅಲ್ಲ. ಈಗ ಹಿಂದೆ ಹೋಗಿ ಸೈಲೆನ್ಸರ್ ಹತ್ರ ಕೂತ್ಕೋ. ಹೊಗೆ ಬಂದ್ರೆ ಬಣ್ಣ ಹೇಳು."

ಹೊಗೆ ಎಲ್ಲಿಂದ ಬಂದೀತು, ಎಂದುಕೊಂಡು ಅವನು ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತ. ಡೀಸೆಲ್ಲೇ ಇಲ್ಲದ ಮೇಲೆ ಹೊಗೆಯೆಲ್ಲಿ. ಅವಳನ್ನು ಸುಮ್ಮನೆ ಆಟ ಆಡಿಸುತ್ತಿದ್ದೇನೆ ಎಂದು ನಾಚಿಕೆಯಾಯಿತು. ನಾಚಿಕೆ ನಿಜವಾದದ್ದೇ, ಆದರೆ ಎದ್ದು ಅವಳನ್ನು ತಡೆಯುವಷ್ಟು ದೊಡ್ಡದಲ್ಲ. ಅವಳು ಕೀಲಿ ತಿರುಗಿಸಿ ಡ್ಯಾಶ್‌ಬೋರ್ಡಿನ ಪುಟ್ಟ ದೀಪ ಆರುವವರೆಗೆ ಕಾದು ಸೆಲ್ಫ್ ಹೊಡೆದಳು. ಸೈಲೆನ್ಸರಿನ ಬಾಯಿಂದ ಭಸ್ಸೆಂದು ದಟ್ಟ ಬಿಳಿ ಹೊಗೆ ಬಂದು ಅವನ ಮುಖಕ್ಕೆ ಬಡಿಯಿತು. ಕಣ್ಣು ಉರಿಯಿತು, ಹಸಿ ಡೀಸೆಲ್ಲಿನ ವಾಸನೆ ಗಂಟಲಿಗಿಳಿದು ಕೆಮ್ಮು ಬಂತು.

"ಯಾವ ಬಣ್ಣ?"

"ಬಿಳಿ," ಎಂದ ಕೆಮ್ಮುತ್ತ.

"ಬಿಳಿ ಅಂದ್ರೆ ಏನರ್ಥ?" ಅವನು ಟವೆಲ್ಲಿನಿಂದ ಕಣ್ಣೊರೆಸಿಕೊಂಡ. "ಡೀಸೆಲ್ ಒಳಗೆ ಬರ್ತಿದೆ ಅಂತರ್ಥ. ಬಂದು ಉರೀದೆ ಹಾಗೇ ಹೊರಗೆ ಹೋಗ್ತಿದೆ. ನಿನ್ನೆ ಸಂಜೇನೂ ಸ್ವಲ್ಪ ಹಟ ಮಾಡ್ತು, ನಾಲ್ಕನೇ ಸಲಕ್ಕೆ ಹಿಡೀತು..."

ಅಲ್ಲಿಗೆ ಅವಳು ಮಾತು ನಿಲ್ಲಿಸಿದಳು. ಅವನು ಎದ್ದು ನಿಂತ. ನಿನ್ನೆ ಸಂಜೆ? ಎಂದುಕೊಂಡ. ಅವಳು ಇಳಿದು ಬಂದು, ಯಾವ ಅಗತ್ಯವೂ ಇಲ್ಲದಿದ್ದರೂ, ಆಯಿಲ್ ಕಡ್ಡಿ ಎಳೆದು ಒರೆಸಿ ನೋಡಿದಳು. ಅಷ್ಟರಲ್ಲಿ ಅವನ ಹೆಂಡತಿ ಕೈಚೀಲ ಹಿಡಿದು ಬಾಗಿಲಿಗೆ ಬಂದಳು. "ಅತ್ತೆ, ಇನ್ನೂ ಸ್ಟಾರ್ಟ್ ಆಗ್ಲಿಲ್ವಾ? ಇವತ್ತು ನನ್ನನ್ನ ಕೆಲಸಕ್ಕೆ ಬೇಗ ಬಿಡ್ತೀನಿ ಅಂದಿದ್ರಲ್ಲ," ಎನ್ನುತ್ತ ಬಂದವಳು ಕಾರಿನ ಹಿಂದೆ ಹೊಗೆಯೊಳಗೆ ಗಂಡ ನಿಂತಿರುವುದನ್ನು ಕಂಡು, ಕೈಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ರೀ, ನೀವು ಮನೇಲೇ ಇದ್ದೀರಾ?" ಎಂದಳು. ಆಮೇಲೆ ಏನೋ ಮರೆತವಳಂತೆ ಒಳಗೆ ಹೋದಳು.

ಅಂದರೆ ಕಾರು ನಿಂತೇ ಇರಲಿಲ್ಲ. ಅವನು ಬಿಚ್ಚಿದ್ದು ಯಾವ ವೈರೋ ಏನೋ, ಕಾರು ಮಾತ್ರ ಅದರ ಪಾಡಿಗೆ ಓಡಿಕೊಂಡಿತ್ತು, ಅವನೊಬ್ಬನನ್ನು ಬಿಟ್ಟು ಇಡೀ ಮನೆಗೆ ಅದು ಗೊತ್ತಿತ್ತು. ನಲವತ್ತೊಂದು ದಿನವೂ ಅವನ ಕಣ್ಣ ಮುಂದೆ ಬೇರೆಯಾಗಿ ನಿಂತವು. ಅಮ್ಮನಿಗೆ ಇನ್ನು ಕಾರಿಲ್ಲವಲ್ಲ ಎಂದು ಅವನು ಸಂತೆಯ ಸಾಮಾನನ್ನೆಲ್ಲ ಬಸ್ಸಿನಲ್ಲಿ ಹೊತ್ತು ತಂದಿದ್ದ. ಚೀಲದ ಹಿಡಿ ಬೆರಳುಗಳಲ್ಲಿ ಕೆಂಪು ಗೆರೆ ಮೂಡಿಸಿದಾಗ ಆಗಬೇಕಾದ್ದೇ ಎಂದು ಒಳಗೊಳಗೇ ಸಮಾಧಾನಪಟ್ಟಿದ್ದ. ಯಾಕೋ ಇಷ್ಟು ಭಾರ ಹೊತ್ಕೊಂಡು ಬರ್ತೀಯ, ಎಂದು ಅವಳು ಮರುಗಿದ್ದಳು, ಮರುಗಿ ಮಾರನೇ ದಿನ ಅವನು ಬಸ್ಸು ಹತ್ತಿದ ಮೇಲೆ ಅವನ ಹೆಂಡತಿಯನ್ನು ಕೂರಿಸಿಕೊಂಡು ಅದೇ ದಾರಿಯಲ್ಲಿ ಹೋಗಿದ್ದಳು. ಊಟದ ಹೊತ್ತಿನ ಅವಳ ಮೌನವನ್ನು ಅವನು ದುಃಖವೆಂದು ತಿಳಿದು, ಎದುರಿಗೆ ತಲೆಯೆತ್ತದೆ ಉಂಡಿದ್ದ. ಅದು ದುಃಖವಲ್ಲ, ಬಚ್ಚಿಟ್ಟವರ ಮೌನ. ತನ್ನದೂ ಅದೇ ಜಾತಿಯ ಮೌನವಾದ್ದರಿಂದ ಗುರುತು ಹಿಡಿಯಬೇಕಾಗಿತ್ತು. ಸಿಟ್ಟು ಬರಬಹುದೆಂದು ಅವನು ಕಾದ. ಬರಲಿಲ್ಲ. ಮೋಸ ಹೋದೆನೆಂದು ಸಿಟ್ಟಾಗಲು ತಾನು ಮೋಸ ಮಾಡದೆ ಇರಬೇಕಾಗಿತ್ತು.

ಎಲ್ಲ ಶುರುವಾದದ್ದು ಆ ಎರಡನೇ ಬ್ರೇಕ್ ಪೆಡಲಿನಿಂದ. ವೈರು ಬಿಚ್ಚುವ ಎರಡು ವಾರ ಮೊದಲು ಒಂದು ದಿನ ಅವನು ಅವಳ ಪಕ್ಕದಲ್ಲಿ ಕೂತಿದ್ದ, ಬಿಸಿಲಿತ್ತು, ಹೆಂಗಸೊಬ್ಬಳು ಮಗುವಿನ ಕೈ ಹಿಡಿದು ಎಳೆಯುತ್ತ ರಸ್ತೆಗಿಳಿದಳು. ಅವನ ಕಾಲು ತಾನಾಗಿ ಪೆಡಲನ್ನು ಒತ್ತಿತು. ಕಾರು ಕುಕ್ಕರಿಸಿ ನಿಂತಿತು. ಹೆಂಗಸು ತಿರುಗಿಯೂ ನೋಡದೆ ದಾಟಿಹೋದಳು. ನಾನಾಗಲೇ ಬ್ರೇಕ್ ಒತ್ತಿದ್ದೆ, ಎಂದಳು ತಾಯಿ. ಇಲ್ಲಮ್ಮ, ನಾನೊತ್ತಿದ್ದಕ್ಕೆ ನಿಂತಿದ್ದು, ಎಂದ ಅವನು. ಎರಡು ಪೆಡಲೂ ಒಂದಕ್ಕೊಂದು ಜೋಡಿಸಿದಂಥವು, ಯಾವ ಕಾಲು ಮೊದಲು ಒತ್ತಿತು ಎಂದು ಕಾರಿಗೂ ಗೊತ್ತಿರಲು ಸಾಧ್ಯವಿಲ್ಲ. ಮರುವಾರ ಅವಳನ್ನು ಅಂಗಡಿಗೆ ಕರೆದೊಯ್ದು ಕಣ್ಣು ಪರೀಕ್ಷಿಸಿದ್ದ. ಅವಳು ಕೊನೆಯ ಸಾಲಿನ ಸಣ್ಣ ಅಕ್ಷರಗಳನ್ನು ಪಟಪಟನೆ ಓದಿದಳು. ಬಾಯಿಪಾಠವಾಗಿರಬಹುದೆಂದು ಅಕ್ಷರದ ಹಲಗೆ ಬದಲಾಯಿಸಿದ. ಅದನ್ನೂ ಓದಿದಳು. ಕತ್ತಲ ಕೋಣೆಯಲ್ಲಿ ಅವಳ ಹಿಂದೆ ನಿಂತು, ಹೆತ್ತ ತಾಯಿಯ ಕಣ್ಣಲ್ಲಿ ಎಳ್ಳಷ್ಟಾದರೂ ದೋಷ ಸಿಗಲಿ ಎಂದು ಹಾರೈಸುತ್ತಿದ್ದವನು ತಾನು. ಸಿಗಲಿಲ್ಲ. ಅದಾದ ಮೂರನೇ ದಿನ ಮೆಕ್ಯಾನಿಕ್ ಕನ್ನಡಕಕ್ಕೆ ಬಂದ. ಹೆದರಿಕೆಯಿಂದ ಬಿಚ್ಚಿದೆನೇ, ಅಥವಾ ಮೂರು ಸಲ ಫೇಲಾದವನು ಬಿಚ್ಚಿದನೇ ಎಂಬ ಪ್ರಶ್ನೆಯನ್ನು ಅವನು ಇದುವರೆಗೂ ಸರಿಯಾಗಿ ಕೇಳಿಕೊಂಡಿರಲಿಲ್ಲ. ಈಗಲೂ ಕೇಳಿಕೊಳ್ಳಲಿಲ್ಲ.

ಒಂಬತ್ತಕ್ಕೆ ಹತ್ತು ನಿಮಿಷವಿದ್ದಾಗ ಸೆಲ್ಫಿನ ಸದ್ದು ನಿಧಾನವಾಗತೊಡಗಿತು. ಇನ್ನು ನಾಲ್ಕೈದು ಸಲಕ್ಕಿಂತ ಹೆಚ್ಚು ಹೊಡೆದರೆ ಬ್ಯಾಟರಿಯೂ ಕೈಕೊಡುತ್ತಿತ್ತು. ಟೆಸ್ಟಿನ ಜಾಗಕ್ಕೆ ಮುಕ್ಕಾಲು ಗಂಟೆಯ ದಾರಿ. ತಾಯಿ ಡ್ರೈವರ್ ಸೀಟಿನಲ್ಲಿ, ಬಾಗಿಲು ತೆರೆದಿಟ್ಟು, ಕಾಲುಗಳನ್ನು ನೆಲಕ್ಕೆ ಬಿಟ್ಟುಕೊಂಡು ಪಕ್ಕಕ್ಕೆ ತಿರುಗಿ ಕೂತಳು. ಕೈಗಳಿಗೆ ಮಸಿಯಾಗಿತ್ತು. ಅವನ್ನು ಶಾಲಿಗೆ ತಾಗದಂತೆ ಮುಂದೆ ಹಿಡಿದುಕೊಂಡಿದ್ದಳು.

"ಬೆಂಕಿ ಹಿಡೀತಿಲ್ಲ ಅಂದ್ರೆ ಹೀಟರ್ ಪ್ಲಗ್ ಅನ್ಬೇಕು. ಚಳೀಲಿ ಒಳಗೆ ಬಿಸಿ ಮಾಡೋದು ಅದೇ ತಾನೆ. ಆದ್ರೆ ಅದರ ದೀಪ ಬರ್ತಿದೆ, ಆರ್ತಿದೆ. ವೈರಿನ ನಟ್ಟೂ ಬಿಗಿಯಾಗೇ ಇದೆ, ಕೈಯಲ್ಲಿ ಮುಟ್ಟಿ ನೋಡ್ದೆ," ಎಂದಳು, ಅವನಿಗಲ್ಲ, ತನ್ನ ಕೈಗಳಿಗೆ. "ಮುಂಚೆಯೆಲ್ಲ ಸದ್ದು ಕೇಳಿದ್ರೆ ಸಾಕಾಗಿತ್ತು, ಇಂಥದ್ದು ಅಂತ ಹೇಳ್ತಿದ್ದೆ. ಇವತ್ತು ಏನೂ ಹೊಳೀತಿಲ್ಲ. ಇದಾದ್ಮೇಲೆ ಏನು ನೋಡ್ಬೇಕು ಅನ್ನೋದೇ ತಲೆಗೆ ಬರ್ತಿಲ್ಲ ಕಣೋ. ನೀನು ಅವತ್ತು ಊಟಕ್ಕೆ ಕೂತಾಗ ಹೇಳಿದ್ದೇ ಸರಿಯೇನೋ. ಫೋನ್ ಮಾಡಿ ಬರಲ್ಲ ಅಂದುಬಿಡ್ಲಾ?"

ಅವನು ಬೇಡಿದ್ದು ಇದನ್ನೇ. ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಎದುರಿಗೆ ಬಂದಿತ್ತು. ಹೂಂ ಎಂದರೂ ಸಾಕು, ಅನ್ನದೆ ಹೋದರೂ ಸಾಕು. ಗಂಟೆ ತನ್ನ ಪಾಡಿಗೆ ಹತ್ತಾಗುತ್ತಿತ್ತು, ಲೈಸೆನ್ಸ್ ಅದರ ಪಾಡಿಗೆ ಮುಗಿಯುತ್ತಿತ್ತು, ಅವನು ಯಾವತ್ತೋ ಒಂದು ಮಧ್ಯಾಹ್ನ ಸದ್ದಿಲ್ಲದೆ ವೈರನ್ನು ಕೂರಿಸಿಬಿಟ್ಟರೆ ಜಗತ್ತಿನಲ್ಲಿ ಏನೂ ನಡೆದಿರುತ್ತಿರಲಿಲ್ಲ. ಎದೆಯಲ್ಲಿ ಸಣ್ಣಗೆ ಖುಷಿಯಾಗುತ್ತಿರುವುದನ್ನು ಅವನು ಗಮನಿಸಿದ. ಅಂಗಡಿಯಲ್ಲಿ ಮಸೂರ ಚೌಕಟ್ಟಿನೊಳಗೆ ಕಚ್ಚಿ ಕೂತಾಗ ಆಗುವಂಥ ಖುಷಿ. ಬೇಡವೆಂದರೂ ಅದು ಹೋಗಲಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು.

"ನಿನಗೇನನ್ನಿಸುತ್ತೆ?" ಎಂದಳು ತಾಯಿ.

ಕಾರಿನ ವಿಷಯದಲ್ಲಿ ನಿನಗೇನನ್ನಿಸುತ್ತೆ ಎಂದು ಅವಳು ಅವನನ್ನು ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ಪರೀಕ್ಷೆಯ ದನಿಯಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದವರು ಗೊತ್ತಿರಬಹುದಾದವರನ್ನು ಕೇಳುವಂತೆ, ಮುಖವೆತ್ತಿ ಕೇಳಿದಳು. ಉಳಿದದ್ದನ್ನೆಲ್ಲ ಅವನು ತಾಳಿಕೊಂಡಿದ್ದ, ಇದನ್ನು ತಾಳಲಾರದೆ ಹೋದ.

"ವೈರು ನಾನೇ ಬಿಚ್ಚಿದ್ದೀನಮ್ಮ."

"ಯಾವ ವೈರು?"

ಅವನು ಬಾನೆಟ್ಟಿನಡಿಗೆ ಬಾಗಿ, ರಬ್ಬರ್ ಪೈಪಿನ ಹಿಂದಿನಿಂದ ತುದಿಯನ್ನು ಎಳೆದು ತೋರಿಸಿದ. ಅವಳು ಪಕ್ಕಕ್ಕೆ ಬಂದು ನಿಂತಳು. ವೈರನ್ನು ನೋಡಿದಳು. ವೈರಿಲ್ಲದೆ ಬಿಗಿಯಾಗಿ ಕೂತಿದ್ದ ನಟ್ಟನ್ನು ನೋಡಿದಳು. ಅವನನ್ನು ನೋಡಲಿಲ್ಲ.

"ಯಾವತ್ತು?"

"ನಲವತ್ತೊಂದು ದಿನ ಆಯ್ತು."

ಅವಳು ಲೆಕ್ಕ ಹಾಕುತ್ತಿರುವಂತಿತ್ತು. ಬೈಗುಳ ಬರಲಿ, ಬಂದರೆ ತಲೆ ತಗ್ಗಿಸಿ ಕೇಳಿಕೊಳ್ಳುವುದು ಗೊತ್ತು, ಎಂದು ಅವನು ಕಾದು ನಿಂತ. "ಅದಕ್ಕೇ ಮೂರು ಮೂರು ಸಲ ಹೊಡೀಬೇಕಾಗ್ತಿತ್ತು," ಎಂದಳು. "ನಾನು ನನ್ನ ಕೈಗೇ ಏನೋ ಆಗಿದೆ ಅಂದ್ಕೊಂಡಿದ್ದೆ." ಮುಖದಲ್ಲಿ ಸಿಟ್ಟಿರಲಿಲ್ಲ. ಡಾಕ್ಟರು ಏನೂ ಇಲ್ಲ ಎಂದಾಗ ಜನರ ಮುಖ ಹೇಗೆ ಸಡಿಲವಾಗುತ್ತದೋ ಹಾಗೆ ಸಡಿಲವಾಗಿತ್ತು. ತಾನು ಮಾಡಿದ ದ್ರೋಹ ಅವಳಿಗೆ ಒಳ್ಳೆಯ ಸುದ್ದಿಯಾಗಿ ಮುಟ್ಟಿದ್ದನ್ನು ಕಂಡು ಅವನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅವಳು ಸ್ಪ್ಯಾನರ್ ತೆಗೆದುಕೊಂಡು ವೈರನ್ನು ಕೂರಿಸಿ ಬಿಗಿದು, ಒಳಗೆ ಕೂತು, ಕೀಲಿ ತಿರುಗಿಸಿ ದೀಪ ಆರುವವರೆಗೆ ಕಾದಳು. ಎರಡನೇ ಸಲಕ್ಕೆ ಎಂಜಿನ್ ಕೆಮ್ಮಿ ಹಿಡಿಯಿತು. ಬಾನೆಟ್ ನಡುಗಿತು. ಅಂಗಳವೆಲ್ಲ ಬಿಳಿ ಹೊಗೆ ತುಂಬಿ ಮೆಲ್ಲಗೆ ತಿಳಿಯಾಯಿತು.

ಇನ್ನು ಹೊರಡುತ್ತಾಳೆ ಎಂದುಕೊಂಡ. ಅವಳು ಇಳಿದು ಬಂದಳು.

"ನೀನು ಬಿಚ್ಚಿದ್ದು ಹೀಟರ್ ಪ್ಲಗ್ಗಿಂದು. ಅದನ್ನ ಬಿಚ್ಚಿದ್ರೆ ಬಿಸಿಲುಕಾಲದಲ್ಲಿ ಏನೂ ಆಗಲ್ಲ, ಬರೀ ತಡ ಆಗುತ್ತೆ. ಚಳಿ ಬಿದ್ರೆ ಮಾತ್ರ ಕೈಕೊಡುತ್ತೆ. ಗಾಡಿ ನಿಲ್ಲಿಸ್ಬೇಕು ಅನ್ನೋರು ಬಿಚ್ಚೋದು ಇದನ್ನ." ಪಂಪಿನ ಮೇಲೆ ಎದ್ದು ನಿಂತಿದ್ದ ಸಣ್ಣ ವೈರನ್ನು ಬೆರಳಿಟ್ಟು ತೋರಿಸಿದಳು. ಸ್ಪ್ಯಾನರನ್ನು ಅವನ ಕೈಗಿತ್ತಳು. "ಬಿಚ್ಚು."

"ಅಮ್ಮ, ಟೈಮಾಗುತ್ತೆ..."

"ಬಿಚ್ಚು ಅಂದೆ. ಬಿಚ್ಚಿ ಮೇಲಕ್ಕೆತ್ತು. ಎಲ್ಲಿಗೂ ತಾಗಿಸ್ಬೇಡ."

ನಡುಗುತ್ತಿರುವ ಎಂಜಿನ್ನಿನ ಮೇಲೆ ಸ್ಪ್ಯಾನರ್ ಎರಡು ಸಲ ಜಾರಿತು. ಮೂರನೆಯ ಸಲ ನಟ್ಟು ತಿರುಗಿತು. ಅವನು ವೈರನ್ನು ಎತ್ತಿದ ಕೂಡಲೆ ಎಂಜಿನ್ ಒಮ್ಮೆ ಮೈ ಕೊಡವಿ ನಿಂತುಹೋಯಿತು. ಎಷ್ಟು ಸದ್ದಿತ್ತೆಂದು ಆಗ ಗೊತ್ತಾಯಿತು. ವೈರು ಅವನ ಎರಡು ಬೆರಳುಗಳ ನಡುವೆ ಇತ್ತು.

"ಗೊತ್ತಾಯ್ತಾ ಯಾವುದು ಅಂತ?"

"ಗೊತ್ತಾಯ್ತು."

"ಹಾಕು ಮತ್ತೆ."

ಹಾಕಿದ. ಬೆರಳು ಮರಗಟ್ಟಿದ್ದರಿಂದ ನಟ್ಟನ್ನು ಬೋಲ್ಟಿನ ಎಳೆಗೆ ಹಿಡಿಸಲು ಬಹಳ ಹೊತ್ತು ಬೇಕಾಯಿತು. ಅವಳು ಸಹಾಯ ಮಾಡಲಿಲ್ಲ, ಅವಸರವನ್ನೂ ಮಾಡಲಿಲ್ಲ. ಬಿಗಿದಾದ ಮೇಲೆ ತಲೆಯೆತ್ತದೆ ಅವನು, ಇಷ್ಟು ಹೊತ್ತೂ ಕಟ್ಟಿಕೊಂಡಿದ್ದ ಮಾತನ್ನು ಆಡಿದ. "ತಪ್ಪಾಯ್ತಮ್ಮ. ನೀನು ಗಾಡಿ ಓಡಿಸ್ಬಾರ್ದು ಅನ್ನೋ ದಿನ ಮುಂದೆ ಬಂದ್ರೆ ನಿನಗೆ ಹೇಳಿಯೇ ಬಿಚ್ತೀನಿ."

"ಹೇಳ್ಬೇಡ," ಎಂದಳು ತಾಯಿ.

ಅವನು ಅವಳ ಕಡೆ ನೋಡಿದ.

"ಹೇಳಿದ್ರೆ ನಾನು ಬಿಡಲ್ಲ. ಅತ್ತು ಕರೆದು ರಂಪ ಮಾಡ್ತೀನಿ, ನಿನ್ನ ಹೆಂಡತೀನ ನನ್ನ ಕಡೆ ಮಾಡ್ಕೋತೀನಿ. ನಿನ್ನ ಕೈಲಿ ಆಗಲ್ಲ. ಸುಮ್ನೆ ಬಿಚ್ಚಿಬಿಡು."

"ಯಾವತ್ತು ಅಂತ ನನಗೆ ಹೇಗಮ್ಮ ಗೊತ್ತಾಗುತ್ತೆ?"

"ನನ್ನನ್ನ ಕೇಳಿದ್ರೆ? ಅವತ್ತು ನನಗೆ ಗೊತ್ತಾಗಲ್ಲ ಕಣೋ." ಅವಳು ಬಾನೆಟ್ಟನ್ನು ಇಳಿಸಿ ಎರಡೂ ಅಂಗೈಯಲ್ಲಿ ಒತ್ತಿ ಕೂರಿಸಿದಳು. "ಇವತ್ತಲ್ಲ. ಅಷ್ಟು ಹೇಳಬಲ್ಲೆ."

ಕಾರು ಮೊದಲ ಸಲಕ್ಕೇ ಹಿಡಿಯಿತು. ಹೆಂಡತಿ ಬಂದು, ಅವನ ಮುಖ ನೋಡದೆ, ಪಕ್ಕದ ಸೀಟಿನಲ್ಲಿ ಕೂತಳು. ಅವನು ಹೋಗಿ ಗೇಟು ತೆರೆದು ಹಿಡಿದ. ಕಾರು ಹಿಮ್ಮುಖವಾಗಿ ಅಂಗಳ ದಾಟಿ ಬರುವಾಗ ತಾಯಿ ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದಳು. ನೋಡುತ್ತಿದ್ದಾಳೆಯೇ, ಬರೀ ಕತ್ತು ತಿರುಗಿಸಿದ್ದಾಳೆಯೇ ಎಂದು ಅವನು ಅವಳ ಕಣ್ಣುಗಳನ್ನೇ ನೋಡಿದ. ಗೇಟಿನ ಬಳಿ ಅವಳು ನಿಲ್ಲಿಸಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎಷ್ಟು ಹೊತ್ತು ನೋಡಿದಳೆಂದು ಅವನು ಮನಸ್ಸಿನಲ್ಲೇ ಎಣಿಸಿದ.